ಉಗುಳಬಾರದ ಮೂಲೆ

ತೊಂಬತ್ನಾಲ್ಕರ ಲೆಕ್ಕದ ವಹಿಯಲ್ಲಿ, ನನ್ನದೇ ಅಕ್ಷರದಲ್ಲಿ,
ಇನ್ನೂ ಇದೆ ಆ ಸಾಲು:
'ಮೆಟ್ಟಿಲ ಮೂಲೆಗೆ ದೇವರು, ನಾಲ್ಕು. ಒಂದಕ್ಕೆ ಹದಿನಾಲ್ಕು ರೂಪಾಯಿ.
ಸಿಮೆಂಟು, ಗಾರೆಯವನ ಕೂಲಿ ಬೇರೆ.
ಬಾಬ್ತು: ಸ್ವಚ್ಛತೆ.'

ಘಾಟ್‌ಕೋಪರದ ಮೀನಾ ಭುವನ. ಮೂರು ಮಾಳಿಗೆ,
ಇಪ್ಪತ್ತೊಂದು ಬಾಗಿಲು, ಲಿಫ್ಟಿಲ್ಲ.
ಮೆಟ್ಟಿಲು ತಿರುಗುವಲ್ಲಿ ಎರಡು ಗೋಡೆ ಕೂಡುವ ಮೂಲೆ,
ಇಡೀ ಕಟ್ಟಡದ ಬಾಯಿ ಅಲ್ಲೇ ಖಾಲಿಯಾಗುತ್ತಿತ್ತು,
ಗುಟ್ಕಾ, ಮಾವಾ, ನನ್ನ ಎಲೆಯಡಿಕೆ ಸಹಿತ.
'ಉಗುಳಬೇಡಿ' ಎಂದು ಮೂರು ಭಾಷೆಯಲ್ಲಿ ಬರೆಸಿದೆ.
ಮೂರೂ ಭಾಷೆಯ ಮೇಲೆ ಉಗುಳಿದರು.

ಆಮೇಲೆ ದೇವರು.
ಗಣಪತಿ, ಶಿರಡಿಯ ಮುದುಕ, ಹಸಿರು ಗುಮ್ಮಟ, ಶಿಲುಬೆ.
ಒಂದೇ ವಾರದಲ್ಲಿ ಮೂಲೆ ಒಣಗಿತು.
ಸರ್ವಧರ್ಮ ಎಂದೇನೋ ಭಾಷಣ ಮಾಡಿದರು ಎರಡನೇ ಮಾಳಿಗೆಯ ವೋರಾ.
ನಾನು ನಕ್ಕೆ. ನನಗೆ ದೇವರಿಲ್ಲ, ಇದ್ದದ್ದು ಸೆಕ್ರೆಟರಿಗಿರಿ.
ಆದರೂ ಒಮ್ಮೆ, ಕರೆಂಟು ಹೋದ ರಾತ್ರಿ,
ಗೋಡೆ ತಡವುತ್ತ ಇಳಿಯುವಾಗ ಬೆರಳಿಗೆ ನುಣುಪು ತಾಗಿ
ಯಾರೆಂದು ತಿಳಿಯುವ ಮೊದಲೇ
ಕೈ ತಾನಾಗಿ ಕಣ್ಣಿಗೊತ್ತಿಕೊಂಡಿತು.
ಯಾರೂ ನೋಡಲಿಲ್ಲ, ಬಿಡಿ.

ಗುಡಿಸುವ ಶೇವಂತಾಬಾಯಿ
ನಾಲ್ವರನ್ನೂ ಒಂದೇ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು.
'ನಿಮ್ಮವರದೂ ಒಂದು ಹಾಕಿಸಲಾ?' ಎಂದೆ, ದೊಡ್ಡ ಮನಸ್ಸು ಮಾಡಿ.
ಬಟ್ಟೆ ಹಿಂಡಿದಳು. 'ಬೇಡ ಸಾಹೇಬ,
ನಮ್ಮವರನ್ನು ಉಗುಳು ಕಾಯಲು ನಿಲ್ಲಿಸಬೇಡಿ.
ಅದನ್ನೆಲ್ಲ ಬಿಟ್ಟು ಎದ್ದು ಬಂದವರು ನಾವು.'

ಈ ಸಲದ ಚುನಾವಣೆ.
ಬಣ್ಣ ಬಳಿಸಿಕೊಡುತ್ತೇವೆ ಎಂದು ಬಂದರು ಹುಡುಗರು,
ಪುಕ್ಕಟೆ, ಒಳಗೂ ಹೊರಗೂ.
ವೋರಾ ಚಹಾ ತರಿಸಿದರು.
ಬಣ್ಣ ಯಾವುದೆಂದು ಯಾರೂ ಕೇಳಲಿಲ್ಲ.
ಹೋಗುವಾಗ ಒಬ್ಬ ತಿರುವಿನಲ್ಲಿ ನಿಂತು, ಮೆತ್ತಗೆ:
'ಇಷ್ಟೊಂದು ಯಾಕೆ ಅಂಕಲ್, ಇಲ್ಲಿ?'

ಮಂಗಳವಾರ ಬೆಳಗ್ಗೆ ಮೂರೇ ಇದ್ದವು.
ಮೂರನೆಯದರ ಜಾಗದಲ್ಲಿ ಉಳಿಯ ಗೀರು, ಬೂದು ಗಾರೆ,
ನಡುವೆ, ಇನ್ನೂ ಹಸಿಯಾಗಿ, ಕೆಂಪು.
ಅಕ್ಕಪಕ್ಕದವರಿಗೆ ಒಂದು ಹನಿ ಸಿಡಿಯದಂತೆ
ಅಷ್ಟು ಗುರಿಯಿಟ್ಟು ಉಗಿದಿದ್ದರು.

ಮೀಟಿಂಗ್ ಕರೆದೆ. ಒಂಬತ್ತು ಜನ.
ಫಿಲೋಮಿನಾ ರೆಬೆಲ್ಲೊ ಶಿಲುಬೆಯನ್ನು ತಾವೇ ಬಿಚ್ಚಿ ಒಯ್ಯುವೆನೆಂದರು,
ಜೋಪಾನಕ್ಕೆ.
ಯಾರೋ ಅಂದರು, ಕನ್ನಡಿ ಹಾಕೋಣ,
ತನ್ನ ಮುಖಕ್ಕೆ ತಾನೇ ಯಾರು ಉಗಿದಾರು?
ಹತ್ತು ವರ್ಷದ ಹಿಂದಾದರೆ ಠರಾವು ಬರೆದುಬಿಡುತ್ತಿದ್ದೆ.
ಈಗ ಅಷ್ಟು ಖಾತ್ರಿಯಿಲ್ಲ.
'ಚುನಾವಣೆ ಮುಗಿಯಲಿ' ಎಂದು ವಹಿ ಮುಚ್ಚಿದೆ.
ಮೂರನೇ ಮಾಳಿಗೆಯ ಮುನೀರ್ ಪಟ್ಣಿ ಬಂದಿರಲಿಲ್ಲ.
ನೋಟೀಸು ಅವರ ಬಾಗಿಲಿಗೆ ಹಾಕಿದ್ದೆನೇ?
ನೆನಪಾಗುತ್ತಿಲ್ಲ.

ಟೈಲ್ಸ್ ಅಂಗಡಿಗೂ ಹೋದೆ, ಸುಳ್ಳಲ್ಲ.
'ಬಿಡಿಯಾಗಿ ಸಿಗಲ್ಲ. ಈಗಿನ ಸೆಟ್ಟಿನಲ್ಲಿ ಅದು ಬರಲ್ಲ'
ಅಂದ ಹುಡುಗ, ಫೋನಿನಿಂದ ತಲೆಯೆತ್ತದೆ.
ಬಿಳಿಯದೊಂದು ತಂದೆ. ಅಡಿಗೆಮನೆಯಲ್ಲಿದೆ, ಗ್ಯಾಸಿನ ಹಿಂದೆ.

ಇವತ್ತು ಮತ ಹಾಕಿ ಬಂದೆ.
ಎಡಗೈ ತೋರುಬೆರಳಿಗೆ ಶಾಯಿ, ಬಲಗೈಯದಕ್ಕೆ ಸುಣ್ಣ,
ಬಾಯ್ತುಂಬ ರಸ.
ತಿರುವಿನಲ್ಲಿ ನಿಂತಿದ್ದೇನೆ, ಖಾಲಿ ಚೌಕದ ಮುಂದೆ,
ಉಸಿರಿಗಾಗಿ ಅಷ್ಟೇ, ಮೊಣಕಾಲು ನೋವು.
ಮೇಲಿಂದ ಇಳಿದು ಬಂದರು ಮುನೀರ್,
ನನ್ನ ಮಗಳ ಮದುವೆಯಲ್ಲಿ ಬಾಡಿಗೆ ಕುರ್ಚಿ ಎಣಿಸಿಕೊಂಡವರು.
'ಹಾಕಿ ಬಂದಿರಾ?'
ಬೆರಳು ತೋರಿಸಿದೆ.
ಬೆರಳು ನೋಡಲಿಲ್ಲ ಅವರು. ಉಬ್ಬಿದ ನನ್ನ ಕೆನ್ನೆ ನೋಡಿದರು,
ಆಮೇಲೆ ಚೌಕ,
ಮತ್ತೆ ಕೆನ್ನೆ.

ನಾನಲ್ಲ, ಮುನೀರ್‌ಭಾಯಿ, ಅನ್ನಬೇಕು.
ಬಾಯಿ ಬಿಟ್ಟರೆ ಬಣ್ಣಗೇಡು.

ಚೀಲವನ್ನು ಇನ್ನೊಂದು ಕೈಗೆ ಬದಲಿಸಿ,
ಗೋಡೆ ತಾಗದಂತೆ ಸರಿದು, ಅವರು ಇಳಿದು ಹೋದರು.
ನಮ್ಮ ಮನೆಯ ಬೇಸಿನ್ನಿಗೆ
ಇನ್ನೂ ಇಪ್ಪತ್ತೆರಡು ಮೆಟ್ಟಿಲು.